ತೆಗೆಯುವ ದಿನ ಬರೆದಿರಲಿಲ್ಲ

ದೊಡ್ಡಮ್ಮನ ಆಸ್ಪತ್ರೆ ಫೈಲು ನನ್ನ ಹತ್ತಿರವೇ ಇರುತ್ತದೆ. ಅದರಲ್ಲಿ ಮೂರು ವರ್ಷದ ಹಿಂದಿನ ಡಿಸ್ಚಾರ್ಜ್ ಸಮ್ಮರಿ ಇದೆ. ಎರಡನೇ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಮೇಲೆ, ಒಂದೇ ಒಂದು ಸಾಲು: ಐವಿಸಿ ಫಿಲ್ಟರ್ ಹಾಕಲಾಗಿದೆ. ಯಾವ ಮಾತ್ರೆ ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ, ಹೊಲಿಗೆ ಬಿಚ್ಚೋದು ಯಾವತ್ತು, ಎಲ್ಲಾ ಬರೆದಿದೆ. ಆ ಫಿಲ್ಟರ್ ತೆಗೆಯೋದು ಯಾವತ್ತು ಅಂತ ಮಾತ್ರ ಬರೆದಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅಂತಲೇ ಗೊತ್ತಿರಲಿಲ್ಲ.

ಆಗ ಆಗಿದ್ದು ಇಷ್ಟು. ದೊಡ್ಡಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದ ಮೇಲೆ ಎಡಗಾಲಿನ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಇದಕ್ಕೇ ಡಿವಿಟಿ ಅನ್ನೋದು. ಕಾಲು ಊದಿ ಬಿಸಿಯಾಗಿತ್ತು, ಮುಟ್ಟಿದರೆ ಸಾಕು ಕೂಗುತ್ತಿದ್ದರು. ಈ ಹೆಪ್ಪಿನ ತುಂಡೊಂದು ಕಿತ್ತುಕೊಂಡು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ರಕ್ತ ತೆಳು ಮಾಡುವ ಔಷಧಿ ಕೊಡುತ್ತಾರೆ. ಆದರೆ ಅದೇ ವಾರ ದೊಡ್ಡಮ್ಮನಿಗೆ ಹೊಟ್ಟೆಯ ಅಲ್ಸರ್ ಒಡೆದು ರಕ್ತ ಹೋಗುತ್ತಿತ್ತು. ಔಷಧಿ ಕೊಟ್ಟರೆ ಆ ರಕ್ತ ನಿಲ್ಲೋದಿಲ್ಲ, ಕೊಡದಿದ್ದರೆ ಹೆಪ್ಪು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಇಂಥ ಇಕ್ಕಟ್ಟಿಗೆ ಇರುವುದೇ ಈ ಫಿಲ್ಟರ್.

ಕಾಲುಗಳಿಂದ, ಹೊಟ್ಟೆಯಿಂದ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಒಂದು ದೊಡ್ಡ ನಾಳ ಬೆನ್ನುಮೂಳೆಯ ಮುಂದೆಯೇ ಹಾದು ಹೋಗುತ್ತದೆ. ಐವಿಸಿ ಅಂದರೆ ಅದೇ. ತೊಡೆಸಂದಿನಿಂದ ಅಥವಾ ಕುತ್ತಿಗೆಯಿಂದ ಸಣ್ಣ ಕೊಳವೆ ತೂರಿಸಿ ಈ ನಾಳದೊಳಗೆ ಫಿಲ್ಟರನ್ನು ಬಿಡುತ್ತಾರೆ. ಅಲ್ಲಿ ಅದು ಅರಳಿಕೊಳ್ಳುತ್ತದೆ. ಬಟ್ಟೆ ಕಿತ್ತುಹೋದ ಪುಟ್ಟ ಕೊಡೆಯ ಕಡ್ಡಿಗಳ ಹಾಗೆ ಇರುತ್ತದೆ ನೋಡೋಕೆ. ಕೆಳಗಿನಿಂದ ಬರುವ ಹೆಪ್ಪು ಕಡ್ಡಿಗಳ ನಡುವೆ ಸಿಕ್ಕಿಬೀಳುತ್ತದೆ, ರಕ್ತ ಸುತ್ತಲಿಂದ ಹರಿದು ಹೋಗುತ್ತದೆ. ಈ ಶಂಕುವಿನ ಆಕಾರ ತಂದವರು ಅಮೆರಿಕದ ಸರ್ಜನ್ ಲಜಾರ್ ಗ್ರೀನ್‌ಫೀಲ್ಡ್. ಅವರ ಜೊತೆ ಕೆಲಸ ಮಾಡಿದ ಗಾರ್ಮನ್ ಕಿಮ್ಮೆಲ್ ತೈಲ ಉದ್ಯಮದ ಎಂಜಿನಿಯರ್. ಹರಿವು ನಿಲ್ಲಿಸದೆ ಕಸ ಹಿಡಿಯುವುದು ಅವರಿಗೆ ಗೊತ್ತಿದ್ದ ವಿದ್ಯೆ. 1973ರಲ್ಲಿ ಆ ಫಿಲ್ಟರಿನ ವರದಿ ಪ್ರಕಟವಾಯಿತು. ಒಬ್ಬ ತೈಲದ ಎಂಜಿನಿಯರ್ ತಲೆ ಸಾವಿರಾರು ಜನರ ಉಸಿರು ಉಳಿಸಿತು ಅನ್ನೋದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ದೊಡ್ಡಮ್ಮನಿಗೆ ಫಿಲ್ಟರ್ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆವತ್ತು ಅದೇ ಸರಿ. ನನ್ನ ಸಿಟ್ಟು ಆಮೇಲೆ ಆದದ್ದರ ಮೇಲೆ.

ಒಂದೂವರೆ ತಿಂಗಳಲ್ಲಿ ಅಲ್ಸರ್ ವಾಸಿಯಾಯಿತು. ರಕ್ತ ತೆಳು ಮಾಡುವ ಮಾತ್ರೆ ಶುರುವಾಯಿತು. ಕಾಲಿನ ಊತ ಇಳಿಯಿತು. ಅಂದರೆ ಫಿಲ್ಟರಿನ ಕೆಲಸ ಮುಗಿದಿತ್ತು. ಆವತ್ತೇ ತೆಗೆಸುವ ಮಾತು ಬರಬೇಕಿತ್ತು, ಅಲ್ವಾ? ಮೂಳೆ ಡಾಕ್ಟರು ಮೂಳೆ ನೋಡಿದರು. ಹೊಟ್ಟೆ ಡಾಕ್ಟರು ಹೊಟ್ಟೆ ನೋಡಿದರು. ಫಿಲ್ಟರ್ ಹಾಕಿದ ಡಾಕ್ಟರನ್ನು ನಾವು ನೋಡಿದ್ದು ಒಂದೇ ಸಲ, ಆ ಅರ್ಧ ಗಂಟೆ. ಎಲ್ಲರೂ ಒಳ್ಳೆಯವರೇ. ಆದರೆ ಆ ಕಡ್ಡಿಗಳು ಯಾರ ಜವಾಬ್ದಾರಿಯೂ ಆಗಿರಲಿಲ್ಲ.

ಮೂರು ವರ್ಷದ ಮೇಲೆ ಬೆನ್ನುನೋವು ಶುರುವಾಯಿತು. ವಯಸ್ಸಾಯಿತು, ಹಳೇ ಏಟು ಅಂತ ಸುಮ್ನೆ ಇದ್ದೆವು. ಕೊನೆಗೆ ಸಿಟಿ ಸ್ಕ್ಯಾನ್ ಆಯಿತು. ಪರದೆಯ ಮೇಲೆ ಡಾಕ್ಟರು ಬೆರಳಿಟ್ಟು ತೋರಿಸಿದರು. ನಾಳದ ಒಳಗೆ ಫಿಲ್ಟರ್ ಒಂದು ಪಕ್ಕಕ್ಕೆ ವಾಲಿತ್ತು. ಅದರ ಒಂದು ಕಾಲು, ಅಂದರೆ ಒಂದು ಕಡ್ಡಿ, ನಾಳದ ಗೋಡೆ ದಾಟಿ ಬೆನ್ನುಮೂಳೆಗೆ ತಾಗುವಷ್ಟು ಹೊರಗೆ ಬಂದಿತ್ತು. ಬೂದು ಬಣ್ಣದ ಚಿತ್ರದಲ್ಲಿ ಅದೊಂದು ಬೆಳ್ಳಗಿನ ಸಣ್ಣ ಗೆರೆ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು: “ಅದನ್ನ ಆಗಲೇ ತೆಗೆದಿರಲಿಲ್ವಾ?” ನನಗೆ ಉತ್ತರ ಕೊಡೋಕೆ ಆಗಲಿಲ್ಲ.

ಆಮೇಲೆ ಕೂತು ಓದಿದೆ. ಹಳೆಯ ಫಿಲ್ಟರುಗಳು ಜೀವಮಾನ ಪೂರ್ತಿ ಒಳಗೇ ಇರಲಿ ಅಂತ ಮಾಡಿದವು. ಆಮೇಲೆ ತೆಗೆಯಬಹುದಾದ ಫಿಲ್ಟರ್ ಬಂತು. ಅದರ ತುದಿಯಲ್ಲಿ ಪುಟ್ಟ ಕೊಕ್ಕೆ ಇರುತ್ತದೆ. ಕುತ್ತಿಗೆಯಿಂದ ಕುಣಿಕೆ ಇಳಿಸಿ, ಕೊಕ್ಕೆ ಹಿಡಿದು, ಕೊಳವೆಯೊಳಗೆ ಎಳೆದುಕೊಳ್ಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಇಲ್ಲೇ ಒಂದು ತೊಡಕು. ಎಳೆದರೆ ಬರಬೇಕು ಅಂದರೆ ಹಿಡಿತ ಸಡಿಲ ಇರಬೇಕು. ಜಾರಬಾರದು ಅಂದರೆ ಹಿಡಿತ ಬಿಗಿ ಇರಬೇಕು. ಎರಡೂ ಒಟ್ಟಿಗೆ ಸಿಗೋದು ಕಷ್ಟ. ಅದರ ಮೇಲೆ, ಆ ನಾಳ ಗಟ್ಟಿ ಪೈಪಲ್ಲ. ಉಸಿರು ಎಳೆದಾಗ, ಬಿಟ್ಟಾಗ, ಕೆಮ್ಮಿದಾಗ ಅದರ ಅಗಲ ಬದಲಾಗುತ್ತದೆ. ಕಡ್ಡಿಗಳೂ ಹಗಲು ರಾತ್ರಿ ಅದರ ಜೊತೆ ಬಾಗುತ್ತಾ ಇರುತ್ತವೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿದವರಿಗೆ ಬೇರೆ ವಿವರಣೆ ಬೇಡ. ಇತ್ತ ನಾಳದ ಒಳಪದರ ದಿನದಿಂದ ದಿನಕ್ಕೆ ಆ ಕಡ್ಡಿಗಳ ಮೇಲೆ ಬೆಳೆಯುತ್ತದೆ. ವಾಲಿದ್ದರೆ ಕೊಕ್ಕೆಯೂ ಗೋಡೆಯಲ್ಲಿ ಹೂತುಹೋಗುತ್ತದೆ. ತಡ ಮಾಡಿದಷ್ಟೂ ತೆಗೆಯೋದು ಕಷ್ಟ.

ಫಿಲ್ಟರಿನ ಕಾಲು ನಾಳದ ಗೋಡೆ ದಾಟಿದವರಲ್ಲಿ ಎಷ್ಟೋ ಜನರಿಗೆ ಯಾವ ನೋವೂ ಇರುವುದಿಲ್ಲ, ಇದನ್ನೂ ಹೇಳಬೇಕು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುತ್ತದೆ. ಕೆಲವರಲ್ಲಿ ಮಾತ್ರ ಅದು ಪಕ್ಕದ ಕರುಳಿಗೋ, ದೊಡ್ಡ ರಕ್ತನಾಳಕ್ಕೋ, ಮೂಳೆಗೋ ಚುಚ್ಚುತ್ತದೆ. ಮುರಿದ ತುಂಡು ರಕ್ತದ ಜೊತೆ ಹೃದಯಕ್ಕೆ, ಶ್ವಾಸಕೋಶಕ್ಕೆ ಹೋದ ಪ್ರಕರಣಗಳೂ ಇವೆ. ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2010ರ ಆಗಸ್ಟಿನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2005ರಿಂದ ಅದರ ಕೈಗೆ ಬಂದಿದ್ದ ದೂರುಗಳು 921. ಫಿಲ್ಟರ್ ಜಾಗ ಬಿಟ್ಟು ಸರಿದದ್ದು 328, ಭಾಗಗಳು ಕಳಚಿ ತೇಲಿಹೋದದ್ದು 146, ನಾಳಕ್ಕೆ ತೂತಾದದ್ದು 70, ಮುರಿದದ್ದು 56. ಅಪಾಯ ಕಳೆದ ಕೂಡಲೇ ತೆಗೆಯುವ ಬಗ್ಗೆ ಯೋಚಿಸಿ ಅಂತ ಡಾಕ್ಟರುಗಳಿಗೆ ಹೇಳಿತು. 2014ರಲ್ಲಿ ಇನ್ನೂ ಸ್ಪಷ್ಟ ಮಾಡಿತು: ಶ್ವಾಸಕೋಶಕ್ಕೆ ಹೆಪ್ಪು ಹೋಗುವ ಅಪಾಯ ದಾಟಿದ್ದರೆ, ಹಾಕಿದ 29ರಿಂದ 54 ದಿನಗಳ ನಡುವೆ ತೆಗೆಯುವುದರಲ್ಲೇ ಲಾಭ ಜಾಸ್ತಿ ಅಂತ ಅವರ ಲೆಕ್ಕಾಚಾರ. ದೊಡ್ಡಮ್ಮನ ಅಲ್ಸರ್ ವಾಸಿಯಾಗಿದ್ದು ಸರಿಯಾಗಿ ಆ ದಿನಗಳಲ್ಲೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ನನಗೆ ಹೊಸದು. ಹೆಪ್ಪು ತಡೆಯೋಕೆ ಹಾಕಿದ ಫಿಲ್ಟರೇ ಹೆಪ್ಪಿಗೆ ಕಾರಣವಾಗಬಹುದು. ಫ್ರಾನ್ಸಿನ ಪ್ರೆಪಿಕ್ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಡಿವಿಟಿ ಇದ್ದ 400 ಜನ. ಎಲ್ಲರಿಗೂ ಔಷಧಿ, ಅರ್ಧ ಜನಕ್ಕೆ ಫಿಲ್ಟರ್ ಕೂಡ. ಮೊದಲ 12 ದಿನಗಳಲ್ಲಿ ಶ್ವಾಸಕೋಶದ ಹೆಪ್ಪು ಫಿಲ್ಟರ್ ಇದ್ದವರಲ್ಲಿ ಶೇ. 1.1, ಇಲ್ಲದವರಲ್ಲಿ ಶೇ. 4.8. ಒಳ್ಳೆಯದೇ. ಆದರೆ ಎರಡು ವರ್ಷದ ಹೊತ್ತಿಗೆ ಕಾಲಿನಲ್ಲಿ ಮತ್ತೆ ಹೆಪ್ಪಾದವರು ಫಿಲ್ಟರ್ ಇದ್ದವರಲ್ಲಿ ಶೇ. 20.8, ಇಲ್ಲದವರಲ್ಲಿ ಶೇ. 11.6. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲವರಲ್ಲಿ ಫಿಲ್ಟರೇ ಪೂರ್ತಿ ಕಟ್ಟಿಕೊಂಡು ಎರಡೂ ಕಾಲು ಊದುವುದೂ ಉಂಟು. 2015ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಔಷಧಿ ತೆಗೆದುಕೊಳ್ಳಬಲ್ಲವರಿಗೆ ತೆಗೆಯಬಹುದಾದ ಫಿಲ್ಟರ್ ಹಾಕಿದ್ದರಿಂದ ಹೆಚ್ಚಿನ ಉಪಯೋಗವೇ ಕಾಣಲಿಲ್ಲ. ಹಾಗಾಗಿ ಔಷಧಿ ಕೊಡಲು ಆಗುವವರಿಗೆ ‘ಇರಲಿ, ಎರಡೂ ಮಾಡೋಣ’ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಹೀಗಾಯಿತೇನೋ ಅಂದುಕೊಂಡಿದ್ದೆ. ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯವರು ತಮ್ಮದೇ ದಾಖಲೆ ತೆಗೆದು ನೋಡಿ 2013ರಲ್ಲಿ ಪ್ರಕಟಿಸಿದರು. ತೆಗೆಯಬಹುದಾದ ಫಿಲ್ಟರುಗಳಲ್ಲಿ ನಿಜವಾಗಿ ತೆಗೆದದ್ದು ಶೇ. 8.5 ಮಾತ್ರ. ನೂರರಲ್ಲಿ ಒಂಬತ್ತೂ ಇಲ್ಲ! ತಮ್ಮ ತಪ್ಪನ್ನು ತಾವೇ ಎಣಿಸಿ ಹೊರಗೆ ಹೇಳಿದ ಆ ಡಾಕ್ಟರುಗಳ ಮೇಲೆ ನನಗೆ ಗೌರವವಿದೆ. ಫಿಲ್ಟರ್ ಹಾಕಿದವರ ಹೆಸರು ಬರೆದಿಟ್ಟು, ಒಬ್ಬರನ್ನು ಅದಕ್ಕೇ ನೇಮಿಸಿ, ಫೋನ್ ಮಾಡಿ ಕರೆಸುವ ಕಡೆ ತೆಗೆಯುವವರ ಸಂಖ್ಯೆ ಜಾಸ್ತಿಯಾಗುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಪುಸ್ತಕ, ಒಂದು ಫೋನು ಸಾಕು.

ದೊಡ್ಡಮ್ಮನ ಫಿಲ್ಟರ್ ತೆಗೆಯುವ ಮೊದಲ ಪ್ರಯತ್ನ ಆಗಲಿಲ್ಲ. ಕೊಕ್ಕೆ ಸಿಗಲೇ ಇಲ್ಲ. ಇಂಥವನ್ನೇ ಜಾಸ್ತಿ ಮಾಡುವ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಕುತ್ತಿಗೆಯಿಂದ ಚಿಮಟದಂಥ ಸಾಧನ ಇಳಿಸಿ, ಬೆಳೆದಿದ್ದ ಪದರವನ್ನು ಬಿಡಿಸಿ, ಎರಡು ಗಂಟೆಗೂ ಮೀರಿ ಕೆಲಸ ಮಾಡಿದರು. ಹೊರಗೆ ಬಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೋರಿಸಿದರು. ಕಿರುಬೆರಳಿನಷ್ಟು ಉದ್ದವೂ ಇಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ ತಂತಿಗಳು, ಅಲ್ಲಲ್ಲಿ ಬಿಳಿ ಪೊರೆ ಅಂಟಿಕೊಂಡಿತ್ತು. ಎಣಿಸಿದೆ. ಒಂದು ಕಾಲು ಕಡಿಮೆ. ಅದು ಮುರಿದು ನಾಳದ ಗೋಡೆಯಲ್ಲೇ ಉಳಿದಿದೆ. “ಅದನ್ನು ಕೆದಕೋದೇ ಜಾಸ್ತಿ ಅಪಾಯ, ಬಿಡೋಣ, ಆಗಾಗ ನೋಡ್ತಾ ಇರೋಣ” ಅಂದರು. ಬೆನ್ನುನೋವು ಪೂರ್ತಿ ಹೋಗಿಲ್ಲ, ಆದರೆ ತುಂಬಾ ಇಳಿದಿದೆ. ರಾತ್ರಿ ಮಲಗುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಫಿಲ್ಟರ್ ಹಾಕಿದ್ದರೆ ದಯವಿಟ್ಟು ಇವತ್ತೇ ಹಳೇ ಫೈಲು ತೆಗೆಯಿರಿ. ಯಾವ ಜಾತಿಯ ಫಿಲ್ಟರ್, ಯಾವತ್ತು ಹಾಕಿದ್ದು, ತೆಗೆಯಬಹುದಾದದ್ದೋ ಅಲ್ಲವೋ, ಇನ್ನೂ ಬೇಕಾ ಬೇಡವಾ ಅಂತ ಡಾಕ್ಟರನ್ನು ಕೇಳಿ. ಕೆಲವರಿಗೆ ಅದು ಒಳಗೇ ಇರಬೇಕಾಗುತ್ತದೆ, ಅದಕ್ಕೂ ಕಾರಣ ಕೇಳಿ ತಿಳಿದುಕೊಳ್ಳಿ. ಹೆದರಿ ಮಾತ್ರೆ ನಿಲ್ಲಿಸಬೇಡಿ. ಈಗ ಹಾಕಿಸುವ ಸಂದರ್ಭ ಬಂದಿದ್ದರೆ, ಸಹಿ ಹಾಕುವ ಮೊದಲೇ ತೆಗೆಯುವ ದಿನ ಯಾವುದು, ನಮ್ಮನ್ನು ಕರೆಯುವವರು ಯಾರು ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ.

ದೊಡ್ಡಮ್ಮನ ಫೈಲಿನ ಮೊದಲ ಪುಟಕ್ಕೆ ಈಗ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ಒಂದು ಕಾಲು ಒಳಗಿದೆ ಅಂತ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದೆ. ಕೆಳಗೆ ಮುಂದಿನ ಸ್ಕ್ಯಾನಿನ ತಾರೀಕು, ಅದರ ಪಕ್ಕ ನನ್ನ ಹೆಸರು.