ಕಾಕಾನ ಯೆಜ್ಡಿ ಮಾರಿದ್ದು

ಹಳೇ ಗಾಡಿ ರಿಪೇರಿ ಮಾಡಿಸೋದು ದೊಡ್ಡ ಕೆಲಸವೇನಲ್ಲ. ಜೇಬಿನಲ್ಲಿ ದುಡ್ಡು, ಹುಬ್ಬಳ್ಳಿಯಲ್ಲೊಬ್ಬ ತಲೆ ನರೆತ ಮಿಸ್ತ್ರಿ ಇದ್ದರೆ ಸಾಕು. ಮಾರೋದಿದೆಯಲ್ಲ, ಅದು ಕೆಲಸ.

ಗಾಡಿ ನಮ್ಮ ಕಾಕಾನದು. 1984ರ ಬೈಕು, ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಎರಡು ಸೈಲೆನ್ಸರ್. ಅದನ್ನು ಹೆತ್ತ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು. ಗಾಡಿ ಮಾತ್ರ ಧಾರವಾಡದ ಮಾಳಮಡ್ಡಿಯ ಹಿತ್ತಲಲ್ಲಿ ವರ್ಷಗಟ್ಟಲೆ ಕಾಕೂನ ಹಪ್ಪಳ ಒಣಗಿಸುತ್ತ ನಿಂತಿತ್ತು. ಟ್ಯಾಂಕಿನ ತುಕ್ಕು ತೆಗೆಸಿ, ಕಾರ್ಬೊರೇಟರ್ ತೊಳೆಸಿ, ಕೇಬಲ್ಲು, ಟೈರು, ಸೀಟು ಎಲ್ಲ ಹೊಸದು ಹಾಕಿಸಿ, ವಿದ್ಯಾನಗರದ ನಮ್ಮ ಮನೆ ಮುಂದೆ ನಿಲ್ಲಿಸಿದೆ. ಓಣಿ ತುಂಬ ಹೊಗೆ. ಎದುರುಮನೆಯವರು ಸೊಳ್ಳೆ ಓಡಿಸುವ ಗಾಡಿ ಬಂತೆಂದು ಕಿಟಕಿ ಮುಚ್ಚಿಕೊಂಡರು.

ಮೊದಲು ಬಂದವನು ಕಾಲೇಜು ಹುಡುಗ. ಬಲಗಡೆ ಬಗ್ಗಿ ಬಗ್ಗಿ ನೋಡಿದ.

"ಸರ, ಇದಕ್ಕ ಕಿಕ್ಕ ಇಲ್ಲಲ್ರೀ?"

ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್. ಎಡಗಡೆ ಇರುತ್ತದೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮತ್ತೆ ಮುಂದಕ್ಕೆ ತಂದರೆ ಗೇರ್. ಮಾಡಿ ತೋರಿಸಿದೆ. "ಇನ್ನೊಮ್ಮೆ ಮಾಡ್ರೀ" ಅಂದ. ಮಾಡಿದೆ. ಅದರ ರೀಲ್ ಮಾಡಿಕೊಂಡು ಥ್ಯಾಂಕ್ಸ್ ಹೇಳಿ ಹೋದ.

ಗಾಡಿ ವಿಷಯ ಗೊತ್ತಿದ್ದವರು ಬಂದರೆ ಇನ್ನೂ ಕಷ್ಟ. ಒಬ್ಬ ನಿವೃತ್ತ ರೈಲ್ವೆಯವರು ಬಂದರು. ಗಾಡಿ ನೋಡಲಿಲ್ಲ, ರೇಟು ಕೇಳಲಿಲ್ಲ, ಸೀದಾ ಎಂಜಿನ್ ಮೇಲೆ ಅಂಗೈ ಇಟ್ಟರು. "ಬೆಚ್ಚಗೈತಿ. ಅಂದ್ರ ನಾ ಬರೂದ್ರೊಳಗ ಚಾಲೂ ಮಾಡಿ ಇಟ್ಟೀರಿ. ತಣ್ಣಗಿದ್ದಾಗ ಹತ್ತೂದಿಲ್ಲ, ಹೌದಲ್ರಿ?" ನಾನು ಬೆಳಿಗ್ಗೆ ಹಾಲಿಗೆ ಹೋಗಿ ಬಂದಿದ್ದೆ ಅಷ್ಟೇ. ನಂಬಲಿಲ್ಲ. ಮುಂದಿನ ಗಿರಾಕಿ ಬರುವಾಗ ಎಂಜಿನ್ ತಣ್ಣಗಿರಲೆಂದು ಹಿಂದಿನ ರಾತ್ರಿಯಿಂದ ಗಾಡಿ ಮುಟ್ಟಲಿಲ್ಲ. ಅವನೂ ಅಂಗೈ ಇಟ್ಟ. "ಪೂರಾ ತಣ್ಣಗೈತಿ. ಭಾಳ ದಿನದಿಂದ ಬಂದ್ ಬಿದ್ದೈತೇನ್ರಿ?"

ಇವೆಲ್ಲ ದಾಟಿದರೆ ಕಾಕಾ. ಆರ್‌ಸಿ ಕಾಕಾನ ಹೆಸರಲ್ಲಿ. ಹೆಸರು ಬದಲಿಸುವ ಫಾರ್ಮ್ 29ಕ್ಕೂ 30ಕ್ಕೂ ಅವನದೇ ಸಹಿ ಬೇಕು. ಹಾಗಾಗಿ ಗಿರಾಕಿ ಬರುವ ಸುದ್ದಿ ಸಿಕ್ಕರೆ ಸಾಕು, ಚಿಗರಿ ಬಸ್ ಹತ್ತಿ ಧಾರವಾಡದಿಂದ ಹಾಜರಾಗುತ್ತಿದ್ದ. ಕುರ್ಚಿ ಹಾಕಿಸಿಕೊಂಡು ಕೂತು, ವರಪರೀಕ್ಷೆ ಶುರು.

"ಒಂದು ಲೀಟರ್ ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀ?"

ಈ ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾಕಾನ ಲೆಕ್ಕ 40 ಎಂಎಲ್. ಕುಂದಗೋಳದಿಂದ ಬಂದವನೊಬ್ಬ, ರೊಕ್ಕ ಎಣಿಸಿ ಕೈಯಲ್ಲಿ ಹಿಡಿದಿದ್ದವನು, "ಅಂದಾಜಿಗೆ ಹಾಕ್ತೀನ್ರಿ" ಅಂದ. ಕಾಕಾ ಪೆನ್ನಿನ ಕ್ಯಾಪ್ ಮುಚ್ಚಿಬಿಟ್ಟ.

"ಕಾಕಾ, ನಿನಗ ಮಾರೂದೈತೋ ಇಲ್ಲೋ?"

"ಮಾರೂದದ. ಇವಗಲ್ಲ."

ಕೊನೆಗೆ ಬಂದವರು ಗದಗ ರೋಡಿನಲ್ಲಿ ಹೊಸ ಖಾನಾವಳಿ ತೆಗೆದವರು. ಒಳಗೆ ಕಾಲಿಟ್ಟ ಕೂಡಲೇ ಹಳೇ ಕಾಲ ನೆನಪಾಗಬೇಕಂತೆ. ಲಾಟೀನು, ಬೀಸುಕಲ್ಲು, ರೇಡಿಯೊ ಆಗಲೇ ತಂದಿದ್ದರು. ಗಾಡಿ ಒಂದು ಬಾಕಿ ಇತ್ತು. ನಾನು ಉಮೇದಿಯಿಂದ ಕಿಕ್ ಹೊಡೆಯಲು ಹೋದೆ.

"ಬ್ಯಾಡ್ರೀ, ಚಾಲೂ ಮಾಡಬ್ಯಾಡ್ರಿ. ನಮಗ ಬರೀ ನಿಂದ್ರಿಸಾಕ ಬೇಕು. ಎಂಜಿನ್ ಇರದಿದ್ರೂ ನಡೀತಿತ್ತು. ಚಾಲೂ ಗಾಡಿ ಅಂತ ರೇಟು ಜಾಸ್ತಿ ಹಚ್ಚಬ್ಯಾಡ್ರಿ ಮತ್ತ."

ಎಂಜಿನ್‌ಗೆ ಸುರಿದ ಹಣವೆಲ್ಲ ಕಣ್ಣ ಮುಂದೆ ಬಂತು. ಕಾಕಾ ಇವರನ್ನಂತೂ ಗೇಟಿನಾಚೆ ಕಳಿಸುತ್ತಾನೆ ಅಂದುಕೊಂಡೆ. ಆದರೆ ಅವರು ಜಾಣರು. "ಕಾಕಾರ, ಗಾಡಿಗೆ ಬಿಸಿಲಿಲ್ಲ, ಮಳಿ ಇಲ್ಲ. ನೀವು ಯಾವಾಗ ನೋಡಾಕ ಬಂದ್ರೂ ಊಟ ನಮ್ಮ ಕಡೆ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ." ಕಾಕಾನಿಗೆ ಕಾಕೂನ ಪಥ್ಯ ಶುರುವಾಗಿ ಬಹಳ ದಿನವಾಗಿತ್ತು. ಎರಡೂ ಫಾರ್ಮಿಗೆ ಅಲ್ಲೇ ಸಹಿ ಬಿತ್ತು. "ಆರ್‌ಸಿ ಬದಲಿ ಯಾಕ್ರೀ, ಗಾಡಿ ಹೊರಗ ಹೋಗೂದ ಇಲ್ಲಲ್ಲ" ಅಂದರು ಅವರು. ನಾನು ಬಿಡಲಿಲ್ಲ. ಹೆಸರು ಬದಲಾಗೋತನಕ ಗಾಡಿಯ ಜವಾಬ್ದಾರಿಯೆಲ್ಲ ನಮ್ಮದೇ, ಅಲ್ವಾ.

ಆಮೇಲೆ ರವಿವಾರ ಬಂತೆಂದರೆ ಕಾಕಾ ಖಾನಾವಳಿಯಲ್ಲಿ. ಊಟ ಮಾಡಿ, ಗಾಡಿ ಒರೆಸಿ, ಬಂದವರಿಗೆಲ್ಲ ಕಿಕ್ ಹೇಗೆ ಗೇರ್ ಆಗುತ್ತದೆಂದು ತೋರಿಸಿ ಬರುತ್ತಿದ್ದ. ಮಾಲೀಕರಿಗೂ ಖುಷಿಯೇ. ಮೊನ್ನೆ ಮಾತ್ರ ಕೈಚೀಲದಲ್ಲಿ ಬಾಟಲಿ ಒಯ್ದಿದ್ದಾನೆ. ಅರ್ಧ ಲೀಟರ್ ಪೆಟ್ರೋಲು, ಅಳತೆ ತಪ್ಪದ 20 ಎಂಎಲ್ ಆಯಿಲ್. ಮಧ್ಯಾಹ್ನದ ಒಳ್ಳೇ ಗದ್ದಲದ ಹೊತ್ತು. ಒಂದೇ ಕಿಕ್ಕಿಗೆ ಹತ್ತಿಕೊಂಡಿದೆ.

ಮಾಲೀಕರ ಫೋನ್ ಬಂದಾಗ ಹಿಂದೆ ಜನ ಕೆಮ್ಮುವುದು ಕೇಳುತ್ತಿತ್ತು. ಗಿರಾಕಿಗಳು ರೊಟ್ಟಿ ಹಿಡಿದುಕೊಂಡೇ ರೋಡಿಗೆ ಓಡಿದ್ದರಂತೆ. ಗಾಡಿ ವಾಪಸ್ ತರಬೇಕಾಗುತ್ತದೆಂದು ನನಗೆ ಎದೆ ಹೊಡೆದುಕೊಂಡಿತು.

"ತರ್ತೀನ್ರಿ, ಈಗ ಬರ್ತೀನಿ" ಅಂದೆ.

"ಗಾಡಿ ಇರಲಿ ಬಿಡ್ರೀ," ಅಂದರು ಅವರು. "ನಿಮ್ಮ ಕಾಕಾರನ್ನ ಒಯ್ಯರಿ."