ಅತ್ತೆಯ ತೀರ್ಪು

ಟೀವಿಯಲ್ಲಿ ಹೊಲಿಗೆ ಸ್ಪರ್ಧೆ ನೋಡಿದವರೆಲ್ಲ ಹೊಲಿಯಲು ಕಲಿಯುತ್ತಾರೆ ಎಂಬ ಭ್ರಮೆ ಯಾರಿಗಾದರೂ ಇದ್ದರೆ ಅವರು ಒಮ್ಮೆ ಶಿರಸಿಯ ನಮ್ಮ ಮನೆಗೆ ಬರಬೇಕು. ಇಲ್ಲಿ ಹೊಲಿಯಲು ಕಲಿಯುತ್ತಿರುವವಳು ನಾನೊಬ್ಬಳೇ. ಮಿಕ್ಕವರೆಲ್ಲ ತೀರ್ಪು ಕೊಡಲು ಕಲಿತಿದ್ದಾರೆ, ಅದೂ ನನಗಿಂತ ಬಹಳ ಬೇಗ.

ಇದಕ್ಕೆಲ್ಲ ಮೂಲ ಬಿಬಿಸಿಯಲ್ಲಿ 2013ರಿಂದ ಬರುತ್ತಿರುವ ‘ದಿ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ’. ಬೆಂಗಳೂರಿನಿಂದ ರಜೆಗೆ ಬಂದ ಮಗಳು ಅದರ ಕಂತುಗಳನ್ನು ಹೇಗೋ ಹುಡುಕಿ ಟೀವಿಗೆ ಹಾಕಿಕೊಟ್ಟು, ‘ಆಯಿ, ನಿಂಗೆ ಚೊಲೋ ಸ್ಫೂರ್ತಿ ಸಿಕ್ತು ನೋಡು’ ಎಂದು ಹೇಳಿ ಬಸ್ಸು ಹತ್ತಿದಳು. ಸ್ಫೂರ್ತಿ ಸಿಕ್ಕಿದ್ದು ನಿಜ. ಆದರೆ ಅದರ ದೊಡ್ಡ ಪಾಲು ನನ್ನ ಅತ್ತೆಗೆ ಹೋಯಿತು.

ಆ ಸ್ಪರ್ಧೆಯಲ್ಲಿ ಕಂತಿಗೆ ಮೂರು ಸುತ್ತು. ಮೊದಲು ಕೊಟ್ಟ ನಮೂನೆಯಂತೆ ಕತ್ತರಿಸಿ ಹೊಲಿಯಬೇಕು, ಆಮೇಲೆ ಹಳೆಯ ಬಟ್ಟೆಯನ್ನು ಬೇರೆಯೇ ಉಡುಪಾಗಿ ಮಾಡಬೇಕು, ಕೊನೆಗೆ ಮಾಡೆಲ್ ಒಬ್ಬರ ಮೈ ಅಳತೆಗೆ ಹೊಲಿದುಕೊಡಬೇಕು. ಲಂಡನ್ನಿನ ಸೆವಿಲ್ ರೋ ಬೀದಿಯ ದರ್ಜಿ ಅಂಗಡಿಯಿಂದ ಹೆಸರಾದ ಪ್ಯಾಟ್ರಿಕ್ ಗ್ರಾಂಟ್ ಮತ್ತು ವಸ್ತ್ರವಿನ್ಯಾಸ ಕಲಿಸುತ್ತಿದ್ದ ಎಸ್ಮೆ ಯಂಗ್ ಬಂದು, ಉಡುಪಿನ ಅಂಚನ್ನು ಮೇಲೆತ್ತಿ, ಒಳಮೈ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ಅಭಿಪ್ರಾಯ ಹೇಳುತ್ತಾರೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಬರಬೇಕಾದ ಅಗತ್ಯವೂ ಬೀಳಲಿಲ್ಲ. ಒಳಮೈ ತಿರುಗಿಸಿದ ಮೇಲೆ ತೀರ್ಪುಗಾರರು ಮಾತಾಡದೆ ಒಂದು ಕ್ಷಣ ನಿಂತರೆ ಆ ಸ್ಪರ್ಧಿಯ ಕಥೆ ಮುಗಿಯಿತೆಂದು ಯಾವ ಭಾಷೆಯವರಿಗಾದರೂ ತಿಳಿಯುತ್ತದೆ.

ಅಂದಿನಿಂದ ಅತ್ತೆಯ ಕಣ್ಣಿಗೆ ಬಟ್ಟೆಯ ಹೊರಮೈ ಬೀಳುವುದೇ ನಿಂತುಹೋಯಿತು. ‘ಮೇಲ್ನಿಂದ ಎಲ್ಲಾ ಚೊಲೋನೇ ಇರ್ತು, ಒಳಗೆ ತಿರುಗ್ಸಿ ನೋಡವು’ ಎನ್ನುವುದು ಅವರ ನಿಲುವು. ಮೊದಲು ಸಿಕ್ಕಿದ್ದು ನನ್ನ ಕುರ್ತಾದ ತೋಳು. ನಾನು ಅದನ್ನು ತೊಟ್ಟುಕೊಂಡು ದೋಸೆ ಹುಯ್ಯುತ್ತಿದ್ದಾಗಲೇ ಹಿಂದಿನಿಂದ ಬಂದು ತೋಳನ್ನು ಮೊಣಕೈವರೆಗೆ ಮಗುಚಿ, ಏನೂ ಹೇಳದೆ, ಪ್ಯಾಟ್ರಿಕ್ ಗ್ರಾಂಟರಷ್ಟೇ ಹೊತ್ತು ನಿಂತು ಹೋದರು. ಬಳಿಕ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸಿನ ಸೆರಗನ್ನು ಹಿಡಿದು ಪಿಕೋ ಪರೀಕ್ಷಿಸುತ್ತ ಕುಳಿತದ್ದರಿಂದ ಪಾಯಸ ಬಡಿಸುವವನು ಇವರ ಎಲೆ ಬಿಟ್ಟು ಮುಂದೆ ಹೋದ. ಪಾಯಸ ತಪ್ಪಿದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ, ಪಿಕೋ ಒರಟಾಗಿದ್ದದ್ದಕ್ಕೆ ಆಯಿತು. ಆಶೀರ್ವಾದಕ್ಕೆ ಬಾಗಿದ ವಟುವಿನ ಜುಬ್ಬಾದ ಕೊರಳಪಟ್ಟಿಯೂ ಉಳಿಯಲಿಲ್ಲ. ಇವೆಲ್ಲವನ್ನೂ ಹೇಗೋ ಸಹಿಸಿದ್ದೆ. ಆದರೆ ಕಳೆದ ವಾರ ಆಸ್ಪತ್ರೆಯಲ್ಲಿ ವೈದ್ಯರು ರಕ್ತದೊತ್ತಡ ನೋಡಲೆಂದು ಅತ್ತೆಯ ಎಡತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರೆ, ಅತ್ತೆ ಬಲಗೈಯಿಂದ ವೈದ್ಯರ ಅಂಗಿಯ ತೋಳಿನ ಅಂಚನ್ನು ಮೆಲ್ಲನೆ ಹೊರಳಿಸುತ್ತಿದ್ದರು. ವೈದ್ಯರು ಸಂಭಾವಿತರು, ತಮಗೇನೂ ಗೊತ್ತಾಗಿಲ್ಲವೆಂಬಂತೆ ಯಂತ್ರವನ್ನೇ ನೋಡುತ್ತಿದ್ದರು. ಅಂದು ಒತ್ತಡ ಏರಿದ್ದು ನನ್ನದು. ಹೊರಗೆ ಬಂದ ಮೇಲೆ, ‘ಗುಂಡಿಯ ಹತ್ರ ದಾರ ಬಿಟ್ಟಿದ್ದು, ಹೇಳಲಾಗಿತ್ತು’ ಎಂದು ಅತ್ತೆ ಪೇಚಾಡಿಕೊಂಡರು.

ನನ್ನ ಹೊಲಿಗೆಯ ವಿಚಾರಕ್ಕೆ ಬಂದರೆ, ಬ್ರಿಟಿಷರಿಗೂ ನನಗೂ ನಡುವೆ ಒಂದು ಆಷಾಢ ಅಡ್ಡ ನಿಂತಿದೆ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದರಿಂದ ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು. ಒಗೆಯುವುದು ಸುಲಭ. ಆದರೆ ನಮ್ಮೂರ ಮಳೆಯಲ್ಲಿ ಬಟ್ಟೆ ಒಣಗುವುದೆಂದರೆ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ವಾರಗಟ್ಟಲೆ ತೂಗಾಡಿ ಹೊಗೆ ಕುಡಿಯುವುದು. ಕೊನೆಗೆ ಕೈಗೆ ಬಂದ ತಿಳಿನೀಲಿ ಬಟ್ಟೆಯಿಂದ ಹಲಸಿನ ಹಪ್ಪಳ ಸುಟ್ಟ ವಾಸನೆ ಬರುತ್ತಿತ್ತು. ಇನ್ನು ಪ್ರತಿ ಹೊಲಿಗೆಯನ್ನೂ ಹಾಕಿದ ತಕ್ಷಣ ಇಸ್ತ್ರಿ ಒತ್ತಿ ಮಟ್ಟಸ ಮಾಡಿಕೊಳ್ಳಬೇಕೆಂಬುದು ಅವರ ನಿಯಮ. ಕಾಲಲ್ಲಿ ತುಳಿಯುವ ನನ್ನ ಉಷಾ ಯಂತ್ರಕ್ಕೆ ಕರೆಂಟಿನ ಹಂಗಿಲ್ಲ, ಆದರೆ ಇಸ್ತ್ರಿಪೆಟ್ಟಿಗೆಗೆ ಇದೆ, ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಕೋಣೆಯಲ್ಲಿ ಸೂಜಿಯ ಕಣ್ಣು ಹುಡುಕುವ ನನಗೂ ಇದೆ. ಇಷ್ಟರ ಮೇಲೆ, ಸ್ಪರ್ಧೆಯಲ್ಲಿ ನಿರೂಪಕಿ ಉಳಿದ ಸಮಯವನ್ನು ಕೂಗಿ ಹೇಳುವುದನ್ನು ಅತ್ತೆ ಗಮನಿಸಿಬಿಟ್ಟಿದ್ದಾರೆ. ಕರೆಂಟು ಹೋಗಿ ನಾನು ಕೈಕಟ್ಟಿ ಕುಳಿತಿರುವಾಗ ಅಡುಗೆಮನೆಯಿಂದ ‘ಇನ್ನು ಅರ್ಧ ತಾಸು’ ಎಂಬ ಧ್ವನಿ ಕೇಳಿಬರುತ್ತದೆ.

ಹಳೆಯ ಬಟ್ಟೆಗೆ ಹೊಸ ರೂಪ ಕೊಡುವ ಎರಡನೆಯ ಸುತ್ತು ಮಾತ್ರ ಅತ್ತೆಯನ್ನು ಬೆರಗುಗೊಳಿಸಲಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಡೆಯ ಸಿದ್ದಿ ಹೆಂಗಸರು ಸವೆದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ಕೈಯಲ್ಲೇ ಹೊಲಿದು, ನಾಲ್ಕು ಮೂಲೆಗೂ ಬಟ್ಟೆಯ ಹೂವಿಟ್ಟು ಕೌದಿ ಮುಗಿಸುವುದನ್ನು ಅವರು ಬಲ್ಲರು. ಅದಕ್ಕೆ ಯಾರೂ ಗಡಿಯಾರ ಹಿಡಿದು ನಿಲ್ಲುವುದಿಲ್ಲ. ಆದರೂ ನಾನು ಕೇಳಿದಾಗ ಟ್ರಂಕಿನಿಂದ ತಮ್ಮದೊಂದು ಹಳೆಯ ನೂಲಿನ ಸೀರೆ ತೆಗೆದುಕೊಟ್ಟರು. ಕೊಡುವಾಗ, ಮದುವೆಯಲ್ಲಿ ತವರಿನಿಂದ ಹೊಲಿಗೆ ಯಂತ್ರ ಕೊಡುವ ಮಾತಾಗಿತ್ತು, ಆ ವರ್ಷ ಅಡಿಕೆಗೆ ಕೊಳೆ ಬಿದ್ದು ಅದು ಬರಲಿಲ್ಲ ಎಂದರು. ಮಕ್ಕಳ ಚಡ್ಡಿ, ಲಂಗ, ದಿಂಬಿನ ಚೀಲ ಎಲ್ಲವನ್ನೂ ಅವರು ಕೈಯಲ್ಲೇ ಹೊಲಿದಿದ್ದರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಮೊದಲ ಸರಣಿಯನ್ನು ಗೆದ್ದ ಆನ್ ರೋಲಿ ಎಂಬಾಕೆಗೆ ಆಗ 80 ದಾಟಿತ್ತೆಂದು ನಾನು ಹೇಳಿದಾಗ ಅವರು ಆಕೆಯ ಮುಖವನ್ನು ಮತ್ತೊಮ್ಮೆ ತೋರಿಸಲು ಹೇಳಿ, ಬಹಳ ಹೊತ್ತು ನೋಡಿದ್ದರು.

ಅತ್ತೆಗೂ ಆ ತೀರ್ಪುಗಾರರಿಗೂ ಭಿನ್ನಾಭಿಪ್ರಾಯವಿರುವುದು ಒಂದೇ ವಿಷಯದಲ್ಲಿ, ಅದರಲ್ಲಿ ನಾನು ಅತ್ತೆಯ ಪಕ್ಷ. ಅಲ್ಲಿ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ಅಚ್ಚುಕಟ್ಟು ಮಾಡುತ್ತಾರೆ. ನಮ್ಮ ರವಿಕೆಯ ಪಕ್ಕೆಯಲ್ಲಾದರೆ ದರ್ಜಿಗಳು ಒಂದಿಂಚು ಬಟ್ಟೆ ಉಳಿಸಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಮೈ ತುಂಬಿಕೊಂಡಂತೆ ಒಂದೊಂದೇ ಸಾಲು ಬಿಚ್ಚುತ್ತ ಹೋದರೆ ಅದೇ ರವಿಕೆ ವರ್ಷಗಟ್ಟಲೆ ಬರುತ್ತದೆ. ಕತ್ತರಿ ಆಡಿದ್ದನ್ನು ಕಂಡು ಅತ್ತೆ, ‘ನಾಳೆ ಆ ಕೂಸು ದಪ್ಪ ಆದ್ರೆ ಎಂತ ಮಾಡ್ತು?’ ಎಂದು ನಿಜವಾಗಿ ಕಳವಳಪಟ್ಟರು.

ಕಳವಳ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಗ ಕೇರಿಯ ಹೆಂಗಸರು ತಮ್ಮ ರವಿಕೆಗಳನ್ನು ತಂದು ತೋರಿಸುತ್ತಾರೆ, ಅತ್ತೆ ಒಳಮೈ ತಿರುಗಿಸಿ ಇನ್ನೆಷ್ಟು ಸಾಲು ಉಳಿದಿದೆಯೆಂದು ಎಣಿಸಿ, ‘ನಮ್ಮನೆ ಸೊಸೆ ಬಿಚ್ಚಿಕೊಡ್ತು, ಇಟ್ಟಿಕ್ಕಿ ಹೋಗು’ ಎಂದುಬಿಡುತ್ತಾರೆ. ಹೊಗೆವಾಸನೆಯ ನನ್ನ ಕುರ್ತಾ ಒಂದೇ ತೋಳಿನೊಂದಿಗೆ ಆ ರಾಶಿಯ ಅಡಿಯಲ್ಲಿ ಬಿದ್ದಿದೆ. ಎಲ್ಲವೂ ಚೌತಿಯೊಳಗೆ ಆಗಬೇಕೆಂದು ಗಡುವು ಬಂದಿದೆ, ಮತ್ತು ಇಂದು ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಮಾಸ್ತರರ ಪ್ಯಾಂಟೂ ಬಂದಿದೆ, ಸೊಂಟ ಬಿಡಿಸಲು.