ಸೊಂಟದ ಸುತ್ತಳತೆ, ಖಜಾನೆಯ ಸುತ್ತಳತೆ

ಎಸ್ಸೆಸ್ಸೆಲ್ಸಿಯ ನಂತರ ಯಾವ ಪರೀಕ್ಷೆಗೂ ಕೂರದೆ ಕಾಫಿ, ಕರಿಮೆಣಸು ಮತ್ತು ಕಾಡಾನೆಗಳ ನಡುವೆ ವಯಸ್ಸಾಗುತ್ತಿದ್ದ ಕೊಡಗಿನ ಹಿರಿಯರಿಗೆ ಸರ್ಕಾರವು ಈಗ ಮನೆಬಾಗಿಲಲ್ಲೇ ಅಂಕ ಕೊಡುತ್ತಿದೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ತುಂಬುವ ‘ಸಿ–ಬ್ಯಾಕ್’ ಎಂಬ ಫಾರಂನಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ ಮತ್ತು ಮನೆಯವರ ಕಾಯಿಲೆಗಳಿಗೆ ಪ್ರತ್ಯೇಕ ಅಂಕಗಳಿವೆ. ಒಟ್ಟು ಅಂಕ ನಾಲ್ಕನ್ನು ಮೀರಿದರೆ ಬಿಪಿ, ಶುಗರ್ ಮುಂತಾದವುಗಳ ತಪಾಸಣೆಗೆ ನಿಮ್ಮನ್ನು ಮೊದಲು ಕರೆಯಬೇಕೆಂಬುದು ನಿಯಮ. ಅರವತ್ತು ತುಂಬಿದವರಿಗೆ, ಅವರು ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದಿದ್ದರೂ, ಬದುಕಿ ಉಳಿದ ತಪ್ಪಿಗಾಗಿ ನಾಲ್ಕು ಅಂಕಗಳು ಪುಕ್ಕಟೆಯಾಗಿ ಸಿಗುತ್ತವೆ. ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಿದರೆ, ಹೆಂಗಸಿನದು 80 ದಾಟಿದರೆ, ಐದನೆಯ ಅಂಕವೂ ಬಂದು ಕೂರುತ್ತದೆ.

ವೈದ್ಯಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಮಾಷೆಯೇನೂ ಇಲ್ಲ, ಏಕೆಂದರೆ ವಯಸ್ಸಿನೊಂದಿಗೆ ಹೃದ್ರೋಗದ ಅಪಾಯ ಏರುವುದು ನಿಜ, ಹೊಟ್ಟೆಯ ಸುತ್ತ ಸೇರುವ ಕೊಬ್ಬಿಗೂ ಮಧುಮೇಹಕ್ಕೂ ನಂಟಿರುವುದೂ ನಿಜ. ತಮಾಷೆ ಆರಂಭವಾಗುವುದು ಈ ಪ್ರಶ್ನೆಗಳು ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯ ಬಾಗಿಲನ್ನು ತಲುಪಿದಾಗ.

“ಅಕ್ಕಾ, ವಾರಕ್ಕೆ ನೂರೈವತ್ತು ನಿಮಿಷ ವ್ಯಾಯಾಮ ಮಾಡ್ತೀರಾ?” ಎಂದು ಕೇಳಿದರೆ, ಬೆಳಿಗ್ಗೆಯಿಂದ ಇಳಿಜಾರಿನಲ್ಲಿ ನಿಂತು ರೋಬಸ್ಟಾ ಕುಯ್ದು, ತುಂಬಿದ ಚೀಲವನ್ನು ತೂಕದ ಜಾಗದವರೆಗೆ ಹೊತ್ತು ತಂದು, ಈಗಷ್ಟೇ ಒಲೆಯ ಮುಂದೆ ಕುಳಿತಿರುವ ಹೆಂಗಸು, “ವ್ಯಾಯಾಮಕ್ಕೆಲ್ಲ ಪುರುಸೊತ್ತೆಲ್ಲಿ ತಾಯಿ?” ಎಂದು ಪ್ರಾಮಾಣಿಕವಾಗಿ ಉತ್ತರಿಸುತ್ತಾಳೆ. ಆಕೆಗೆ ದೈಹಿಕ ಚಟುವಟಿಕೆಯ ಕೊರತೆಗಾಗಿ ಒಂದು ಅಂಕ ಬೀಳುತ್ತದೆ. ಅದೇ ತೋಟದ ಸಾಹುಕಾರರು ಜೀಪಿನಲ್ಲಿ ಕಣದವರೆಗೆ ಹೋಗಿ, ಜೀಪಿನಲ್ಲೇ ಹಿಂತಿರುಗಿ, ಸಂಜೆ ಅರ್ಧ ಗಂಟೆ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ನಡೆಯುವವರಾದ್ದರಿಂದ ಅವರಿಗೆ ಸೊನ್ನೆ. ಪ್ರಶ್ನೆಯನ್ನು ರೂಪಿಸಿದವರು ಮೈಮುರಿದು ದುಡಿಯುವುದನ್ನೂ ದೈಹಿಕ ಚಟುವಟಿಕೆಯೆಂದೇ ಎಣಿಸಿದ್ದರು. ಆದರೆ ಆ ವಿವರಣೆಯು ಬೆಂಗಳೂರಿನ ತರಬೇತಿ ಕೊಠಡಿಯಿಂದ ಹೊರಟು ಮಡಿಕೇರಿ, ವಿರಾಜಪೇಟೆಗಳನ್ನು ದಾಟಿ ಲೈನ್ ಮನೆಗೆ ತಲುಪುವ ಮುನ್ನ ಎಲ್ಲೋ ಒಂದು ತಿರುವಿನಲ್ಲಿ ಬಸ್ಸಿಳಿದುಬಿಟ್ಟಿದೆ.

ಮದ್ಯದ ಪ್ರಶ್ನೆ ಇನ್ನೂ ಉದಾರವಾದದ್ದು. ‘ನೀವು ಪ್ರತಿದಿನ ಮದ್ಯ ಸೇವಿಸುತ್ತೀರಾ?’ ಎಂದಷ್ಟೇ ಫಾರಂ ಕೇಳುತ್ತದೆ. ಹೌದೆಂದರೆ ಒಂದು ಅಂಕ, ಇಲ್ಲವೆಂದರೆ ಸೊನ್ನೆ. ಪುತ್ತರಿ, ಕೈಲ್‌ಪೊಳ್ದ್, ಮದುವೆ, ನಾಮಕರಣ, ತಿಥಿ, ಮಳೆ ಬಂದದ್ದು ಮತ್ತು ಮಳೆ ಬಾರದಿದ್ದದ್ದು ಎಂಬ ಕಾರಣಗಳಿಗಾಗಿ ಮಾತ್ರವೇ ಕುಡಿಯುವ ಜಿಲ್ಲೆಯೊಂದರಲ್ಲಿ ಈ ಪ್ರಶ್ನೆಗೆ ಹೌದೆನ್ನುವವರು ಸಿಗುವುದಾದರೂ ಹೇಗೆ? “ದಿನಾ ಎಲ್ಲಿ ಮಗಳೇ, ಕಾವೇರಿ ಸಂಕ್ರಮಣದ ದಿನ ನಾನು ಮುಟ್ಟುವುದೇ ಇಲ್ಲ” ಎಂದು ಹಿರಿಯರೊಬ್ಬರು ಎದೆ ಮುಟ್ಟಿಕೊಂಡು ಹೇಳಿದರೆ, ಫಾರಂನ ಪ್ರಕಾರ ಅವರು ಸಂಪೂರ್ಣ ಸತ್ಯವನ್ನೇ ಹೇಳಿದ್ದಾರೆ.

ಇಷ್ಟಕ್ಕೂ ಅವರನ್ನು ದೂರುವ ನೈತಿಕ ಹಕ್ಕು ಪ್ರಶ್ನೆ ಕೇಳಿಸಿದ ಸರ್ಕಾರಕ್ಕಿದೆಯೇ ಎಂಬುದನ್ನೂ ನೋಡಬೇಕು. ಭಾರತವು 2013ರಲ್ಲಿ ಅಸಾಂಕ್ರಾಮಿಕ ರೋಗಗಳ, ಅಂದರೆ ಹೃದ್ರೋಗ, ಮಧುಮೇಹದಂಥ ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಗಳ, ಮೇಲೆ ಕಣ್ಣಿಡಲು ಹತ್ತು ಗುರಿಗಳ, ಇಪ್ಪತ್ತೊಂದು ಸೂಚಕಗಳ ಚೌಕಟ್ಟೊಂದನ್ನು ಒಪ್ಪಿಕೊಂಡಿತು. 2025ರ ಹೊತ್ತಿಗೆ ಮದ್ಯದ ಬಳಕೆಯನ್ನು ಶೇ 10ರಷ್ಟು ತಗ್ಗಿಸುವುದು ಆ ಹತ್ತರಲ್ಲೊಂದು. ಅದೇ 2025ರಲ್ಲಿ ಮಂಡನೆಯಾದ ಕರ್ನಾಟಕದ ಬಜೆಟ್ಟು ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿಗಳ ಗುರಿಯನ್ನು ಕೊಟ್ಟಿತು. ಗುರಿ ಇಲ್ಲದ ಆಡಳಿತವೆಂದು ನಮ್ಮನ್ನು ಯಾರೂ ಹಳಿಯುವಂತಿಲ್ಲ. ಒಂದೇ ಬಾಟಲಿಗೆ ನಾವು ಎರಡು ಗುರಿಗಳನ್ನು ಕಟ್ಟಿದ್ದೇವೆ.

ಈ ಎರಡೂ ಗುರಿಗಳು ಇಲಾಖೆಗಳ ಪ್ರಗತಿಯನ್ನು ಪರಿಶೀಲಿಸುವ ಜಿಲ್ಲೆಯ ಕೆಡಿಪಿ ಸಭೆಯಲ್ಲಿ ಮುಖಾಮುಖಿಯಾಗುವುದನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಆರೋಗ್ಯ ಇಲಾಖೆಯ ಅಧಿಕಾರಿಯು ಎದ್ದುನಿಂತು, ಇಷ್ಟು ಸಾವಿರ ಜನರ ಸೊಂಟ ಅಳೆದಿದ್ದೇವೆ ಸರ್, ಕುಡಿತ ಕಡಿಮೆ ಮಾಡಿ ಎಂದು ಇಷ್ಟು ಸಾವಿರ ಕರಪತ್ರ ಹಂಚಿದ್ದೇವೆ ಸರ್ ಎಂದು ವರದಿ ಒಪ್ಪಿಸುತ್ತಾರೆ. ಸಚಿವರು ಶಹಬ್ಬಾಸ್ ಎನ್ನುತ್ತಾರೆ. ಪಕ್ಕದ ಕುರ್ಚಿಯ ಅಬಕಾರಿ ಅಧಿಕಾರಿಯು ಎದ್ದು, ಈ ತ್ರೈಮಾಸಿಕದಲ್ಲಿ ಬಿಯರ್ ಮಾರಾಟ ನಿರೀಕ್ಷೆಗಿಂತ ಕುಸಿದಿದೆ ಎಂದು ತಲೆ ತಗ್ಗಿಸಿ ಹೇಳಿದಾಗ ಅದೇ ಸಚಿವರ ಹುಬ್ಬು ಗಂಟಿಕ್ಕುತ್ತದೆ, ಕಾರಣ ಕೇಳುವ ನೋಟಿಸಿನ ಮಾತು ಬರುತ್ತದೆ. ಕರಪತ್ರವೇ ಕಾರಣವಿರಬಹುದೇ ಎಂಬ ಅನುಮಾನವು ಆ ಕ್ಷಣದಲ್ಲಿ ಸಭೆಯಲ್ಲಿದ್ದ ಯಾರಿಗಾದರೂ ಬಂದರೆ, ಅಸಾಂಕ್ರಾಮಿಕ ರೋಗ ನಿಯಂತ್ರಣದ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲಾದೀತು.

ಹಾಗೆಂದು ಇಡೀ ದೇಶದ ಅಪಾಯಕಾರಿ ಅಂಶಗಳನ್ನು ಅಳೆಯುವ ಕೆಲಸವೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆ ಕೆಲಸವನ್ನು ಗಂಭೀರವಾಗಿ ಮಾಡುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು 2017–18ರಲ್ಲಿ ದೇಶದ ಆರುನೂರು ಕಡೆ 12,000 ಮನೆಗಳನ್ನು ಆಯ್ದು ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆಂಬುದು ಗೊತ್ತಾಯಿತು; ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡುವುದು 5 ಗ್ರಾಮಿಗಿಂತ ಕಡಿಮೆ. ಅದೇ ಸಮೀಕ್ಷೆಯಲ್ಲಿ ಶೇ 98.4ರಷ್ಟು ಮಂದಿ ಸಾಕಷ್ಟು ಹಣ್ಣು, ತರಕಾರಿ ತಿನ್ನುತ್ತಿಲ್ಲವೆಂದೂ ತಿಳಿಯಿತು. ನೂರರಲ್ಲಿ ತೊಂಬತ್ತೆಂಟು ಮಂದಿ ನಪಾಸಾಗುವ ಪರೀಕ್ಷೆಯಲ್ಲಿ ತಪ್ಪು ವಿದ್ಯಾರ್ಥಿಯದೋ ಸಂತೆಯ ದರಪಟ್ಟಿಯದೋ ಎಂದು ಯಾವ ಮೇಷ್ಟರಾದರೂ ಒಮ್ಮೆ ಕೇಳುತ್ತಿದ್ದರು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಮಾನ್ಯತೆಯ ಪ್ರಮಾಣಪತ್ರವಿದೆ, ಹಣ್ಣು ಮಾತ್ರ ಹುಡುಕಿದರೂ ಸಿಗುವುದು ಕಷ್ಟವಾಗಿದೆ. ನಮಗೂ ಹಣ್ಣು ತಿನ್ನಿ ಎಂಬ ಕರಪತ್ರವೇ ಬರುತ್ತದೆ.

ಗಂಭೀರ ಸಮೀಕ್ಷೆಗೂ ಗುರಿ ಮುಟ್ಟಿಸುವ ತಪಾಸಣೆಗೂ ಇರುವ ಅಂತರ ಬಿಪಿ ಯಂತ್ರದ ಮುಂದೆ ಚೆನ್ನಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸ್ಟೆಪ್ಸ್ ವಿಧಾನದಲ್ಲಿ ಮನುಷ್ಯನನ್ನು ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ರಕ್ತದೊತ್ತಡವನ್ನು ಮೂರು ಸಲ ಅಳೆದು, ಕೊನೆಯ ಎರಡರ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯವು 2025ರ ಫೆಬ್ರುವರಿ 20ರಿಂದ ಮಾರ್ಚ್ 31ರವರೆಗೆ ಮೂವತ್ತು ದಾಟಿದವರನ್ನೆಲ್ಲ ನೂರಕ್ಕೆ ನೂರರಷ್ಟು ತಪಾಸಣೆ ಮಾಡುವ ವಿಶೇಷ ಅಭಿಯಾನವನ್ನು ಸಾರಿದಾಗ ಕೊಡಗಿನ ಪರಿಸ್ಥಿತಿ ಹೇಗಿತ್ತೆಂಬುದನ್ನು ತೋಟದವರು ಬಲ್ಲರು. ರೋಬಸ್ಟಾ ಕೊಯ್ಲು ಮುಗಿಯದಿರುವಾಗ, ಕಾಫಿ ಹೂವರಳಿಸುವ ಹೂಮಳೆಗೆ ಕಾಯಲಾಗದವರು ರಾತ್ರಿಯಿಡೀ ಸ್ಪ್ರಿಂಕ್ಲರ್ ಪೈಪು ಬದಲಿಸುತ್ತಿರುವಾಗ, ಬಿಪಿ ಸುಧಾರಿಸಿಕೊಳ್ಳಲು ಕೂರುವ ವ್ಯವಧಾನ ಯಾರಿಗಿದೆ? ಮಾರ್ಚ್ 31 ಎಂಬುದು ಹೃದಯಕ್ಕೆ ಸಂಬಂಧಿಸಿದ ದಿನಾಂಕವಲ್ಲ, ಲೆಕ್ಕಪತ್ರಕ್ಕೆ ಸಂಬಂಧಿಸಿದ ದಿನಾಂಕ. ಇಂಥ ಅವಸರದಲ್ಲಿ ಇಡೀ ಊರಿನ ರಕ್ತದೊತ್ತಡವು 120/80 ಎಂಬ ಸಭ್ಯ ಸಂಖ್ಯೆಯಲ್ಲಿ ಬಂದು ನಿಂತರೆ ಅದನ್ನು ಆರೋಗ್ಯವೆನ್ನಬೇಕೋ ಅಭ್ಯಾಸಬಲವೆನ್ನಬೇಕೋ ತಿಳಿಯದು. ಕೊನೆಯಂಕಿಯು ಸೊನ್ನೆಯ ಕಡೆಗೆ ವಾಲುವ ಈ ಕಾಯಿಲೆಯನ್ನು ಸಂಖ್ಯಾಶಾಸ್ತ್ರಜ್ಞರು ದಶಕಗಳಿಂದ ಗುರುತಿಸಿದ್ದಾರೆ, ಆದರೆ ಅದಕ್ಕೆ ಯಾವ ಫಾರಂನಲ್ಲೂ ಅಂಕವಿಲ್ಲ.

ಆಶಾ ಕಾರ್ಯಕರ್ತೆಯನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಜಿಗಣೆ ಕಿತ್ತುಹಾಕುತ್ತಾ ಮನೆಯಿಂದ ಮನೆಗೆ ನಡೆದು, ಬರೆದದ್ದನ್ನು ಮೊಬೈಲಿಗೆ ಏರಿಸಲು ಸಿಗ್ನಲ್ಲಿರುವ ದಿಬ್ಬವನ್ನು ಹುಡುಕಿಕೊಂಡು ಮತ್ತೆ ಹತ್ತಿ, ಗೌರವಧನ ಯಾವಾಗ ಬರುತ್ತದೆಂದು ಯಾರನ್ನು ಕೇಳಬೇಕೆಂಬುದೂ ತಿಳಿಯದೆ ಆಕೆ ಇಳಿದು ಬರುತ್ತಾಳೆ. ಆ ದಿಬ್ಬ ಹತ್ತಿದ್ದನ್ನು ಆಕೆಯ ಸ್ವಂತ ಫಾರಂನ ವ್ಯಾಯಾಮದ ಕಲಂನಲ್ಲಿ ಬರೆದುಕೊಳ್ಳಬಹುದೇನೋ.

ಇನ್ನು ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದು ನಮ್ಮ ಲೈನ್ ಮನೆಗಳಲ್ಲಿರುವ ಕಾರ್ಮಿಕರ ವಿಷಯ. ಅವರ ಹೆಸರಿರುವುದು ಊರಿನ ಪಟ್ಟಿಯಲ್ಲಿ, ಅವರ ಸೊಂಟವಿರುವುದು ಇಲ್ಲಿ. ಅಲ್ಲಿಯ ಆಶಾ ಹೋದರೆ ಮನೆಗೆ ಬೀಗ, ಇಲ್ಲಿಯ ಆಶಾ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ಹೀಗಾಗಿ ಅವರ ಬಿಪಿಯು ಯಾವ ರಾಜ್ಯಕ್ಕೂ ಸೇರದೆ, ಯಾರ ಸಾಧನೆಗೂ ಅಡ್ಡಿಯಾಗದೆ, ತನ್ನಷ್ಟಕ್ಕೆ ಏರುತ್ತಿರುತ್ತದೆ.

2025ರೊಳಗೆ ಇಂಥ ರೋಗಗಳಿಂದಾಗುವ ಅಕಾಲಿಕ ಸಾವುಗಳನ್ನು ಕಾಲುಭಾಗದಷ್ಟು ತಗ್ಗಿಸಬೇಕೆಂಬುದು ಮೊದಲಿನ ಗುರಿಯಾಗಿತ್ತು. ಅದೇನಾಯಿತೆಂಬ ಲೆಕ್ಕ ಕೈಸೇರುವ ಮೊದಲೇ, 2030ರೊಳಗೆ ಮೂರನೇ ಒಂದು ಭಾಗದಷ್ಟು ತಗ್ಗಿಸುವ ಇನ್ನೂ ದೊಡ್ಡ ಗುರಿ ಸಿದ್ಧವಾಗಿದೆ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆಯಿದೆ. ಜನರ ಫಾರಂ ತುಂಬಿದ್ದಾಯಿತು. ಇನ್ನು ಇದೇ ಫಾರಂ ಅನ್ನು ಇಲಾಖೆಗಳಿಗೂ ತುಂಬಿಸಬೇಕು. ಸರ್ಕಾರವು ಪ್ರತಿದಿನ ಮದ್ಯದ ಆದಾಯವನ್ನು ಸೇವಿಸುತ್ತದೆಯೇ? ಹೌದಾದರೆ ಒಂದು ಅಂಕ, ಮತ್ತು ಇಲ್ಲಿ ಕಾವೇರಿ ಸಂಕ್ರಮಣದ ವಿನಾಯಿತಿ ನಡೆಯುವುದಿಲ್ಲ. ಅಧಿಕಾರಿಗಳು ವಾರಕ್ಕೆ ನೂರೈವತ್ತು ನಿಮಿಷವಾದರೂ ಕಾರಿನಿಂದ ಇಳಿದು ಹಾಡಿಗಳಿಗೆ, ಲೈನ್ ಮನೆಗಳಿಗೆ ನಡೆದು ಹೋಗುತ್ತಾರೆಯೇ? ಇಲ್ಲವಾದರೆ ಇನ್ನೊಂದು. ಖಜಾನೆಯ ಸುತ್ತಳತೆ ಹಿಗ್ಗುತ್ತಿದ್ದರೂ ಉಪಕೇಂದ್ರಕ್ಕೆ ಬಿಪಿಯ ಅಮ್ಲೋಡಿಪಿನ್, ಶುಗರಿನ ಮೆಟ್‌ಫಾರ್ಮಿನ್ ಮಾತ್ರೆಗಳು ತಪ್ಪದೆ ಬರುತ್ತಿಲ್ಲವಾದರೆ ಎರಡು. ಇದೇ ಲಕ್ಷಣಗಳು ಹಿಂದಿನ ಸರ್ಕಾರದಲ್ಲೂ ಇದ್ದವೇ ಎಂಬ ವಂಶದ ಕಾಯಿಲೆಯ ಪ್ರಶ್ನೆಗೆ ಎಲ್ಲ ಪಕ್ಷದವರೂ ಒಕ್ಕೊರಲಿನಿಂದ ಹೌದೆನ್ನುವುದರಿಂದ ಮತ್ತೆರಡು. ಒಟ್ಟು ಅಂಕ ನಾಲ್ಕನ್ನು ಮೀರಿದ ಇಲಾಖೆಯನ್ನು ನಿಯಮದಂತೆ ಹತ್ತಿರದ ವೈದ್ಯಾಧಿಕಾರಿಯ ಬಳಿಗೆ ಕಳುಹಿಸಬೇಕು. ಆ ಹುದ್ದೆ ಭರ್ತಿಯಾಗಿದ್ದರೆ ಅಂದೇ ನೋಡುತ್ತಾರೆ, ಇಲ್ಲದಿದ್ದರೆ ಗುರುವಾರ ಬರಲು ಹೇಳುತ್ತಾರೆ.